ಬಂಗಾರಕುಂಟೆಯ ಗಡಿಯಾರ ಮುಂದೋಡಿದ್ದು

ವಾರಿಜಾ ದೋಸೆ ಮಗುಚುವ ಹೊತ್ತಿಗೆ ಕರೆಂಟು ಹೋಯಿತು. ಕಾವಲಿ ತಣ್ಣಗಾಯಿತು, ಫ್ಯಾನು ನಿಂತಿತು, ನಡುಮನೆಯಲ್ಲಿ ಮಾವ ಅರುಳಪ್ಪನವರ ಉಸಿರಾಟದ ಯಂತ್ರ ಒಮ್ಮೆ ಕಿರ್ರೆಂದು ಬ್ಯಾಟರಿಗೆ ಬದಲಾಯಿತು. ಅವಳ ಗಂಡ ದೇವಸಹಾಯ ಸ್ಕೂಲಿಗೆ ಹೊರಟವನು ಚಪ್ಪಲಿ ಕಳಚಿ ಒಳಗೆ ಬಂದ. ತಂದೆಯ ಮೂಗಿನ ಕೊಳವೆ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದ. ಅರುಳಪ್ಪ ಕಣ್ಣು ತೆರೆಯದೆಯೇ, ಏನೂ ಆಗಿಲ್ಲ ಹೋಗು ಎಂಬಂತೆ ಕೈ ಆಡಿಸಿದರು. ಚಿನ್ನದ ಗಣಿ ಮುಚ್ಚುವಾಗ ಅವರಿನ್ನೂ ಇಪ್ಪತ್ತು ದಾಟಿದ ಹುಡುಗ. ಆದರೆ ಅಷ್ಟರೊಳಗೆ ಹೊಕ್ಕ ಕಲ್ಲಿನ ದೂಳು ಮುಪ್ಪಿನ ತನಕ ಎದೆಯಲ್ಲೇ ಉಳಿದಿತ್ತು.

ಬೀದಿಗೆ ಬಂದರೆ ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತು ವಾರಿಜಾಳ ಕಡೆಗೇ ನೋಡುತ್ತಿದ್ದರು. ಗಣಿಯವರು ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿಸಿದ್ದ ಮನೆಗಳು ಅವು. ಗೋಡೆಗೆ ಗೋಡೆ ತಾಗಿದ್ದರಿಂದ ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ತಾನೇ ತಲುಪುತ್ತಿತ್ತು. ವಾರಿಜಾ ಗಡಿಯಾರದ ಮನೆಯ ಎಂಜಿನಿಯರ್, ಕರೆಂಟು ಹೋಗುವುದಕ್ಕೂ ಆ ಗಡಿಯಾರಕ್ಕೂ ಏನೋ ಸಂಬಂಧವಿದೆ ಎಂಬುದು ಇಡೀ ಸಾಲಿಗೆ ಗೊತ್ತಿತ್ತು. ವಾರ್ಡಿನ ಸದಸ್ಯೆ ಪುಷ್ಪಮೇರಿ ಮಾತ್ರ ಬಾಯಿ ಬಿಟ್ಟು ಕೇಳಿದಳು, ಇದು ಯಾವಾಗ ಸರಿಹೋಗುತ್ತದೆ ಎಂದು.

ಆಗಿನ ಕಾಲಕ್ಕೆ ರಾಜ್ಯದ ವಿದ್ಯುತ್ತು ದೊಡ್ಡ ಸ್ಥಾವರಗಳಿಂದ ಬರುವುದು ನಿಂತುಹೋಗಿತ್ತು. ಮನೆಗಳ ಚಾವಣಿಯಿಂದ, ಹೊಲದ ಬದುವಿನ ಗಾಳಿಯಂತ್ರದಿಂದ, ನಿಂತ ಕಾರುಗಳ ಬ್ಯಾಟರಿಯಿಂದ ಹನಿಹನಿಯಾಗಿ ಬಂದು ಸೇರುತ್ತಿತ್ತು. ಲಕ್ಷಾಂತರ ಕೈಗಳು ಒಂದೇ ಹಗ್ಗ ಎಳೆಯಬೇಕಾದರೆ ತಾಳ ಹೇಳುವವರು ಬೇಕಲ್ಲ, ಅದಕ್ಕಾಗಿ ಎರಡು ಗಡಿಯಾರದ ಮನೆಗಳಿದ್ದವು. ಒಂದು ಮಲ್ಪೆಯ ಕಡಲ ದಂಡೆಯಲ್ಲಿ. ಇನ್ನೊಂದು ಇಲ್ಲಿ, ಬಂಗಾರಕುಂಟೆಯ ಮುಚ್ಚಿದ ಗಣಿಯ ಮೇಲಂತಸ್ತಿನ ಕಲ್ಲುಗವಿಯಲ್ಲಿ. ಲಾರಿಯ ಸದ್ದು, ನೆಲದ ಅದುರು ಅಲ್ಲಿಗೆ ತಲುಪುವುದಿಲ್ಲವೆಂದು ಆ ಜಾಗ ಆರಿಸಿದ್ದರು. ಎರಡರಲ್ಲೂ ಪರಮಾಣುಗಳನ್ನು ಬೆಳಕಿನ ಬಲೆಯಲ್ಲಿ ಹಿಡಿದಿಟ್ಟು ಅವುಗಳ ಮಿಡಿತ ಎಣಿಸುವ ಗಡಿಯಾರಗಳು. ವಿಶ್ವ ಹುಟ್ಟಿದ ಗಳಿಗೆಯಿಂದ ಓಡಿಸಿದ್ದರೂ ಈವರೆಗೆ ಒಂದು ಕ್ಷಣ ತಪ್ಪುತ್ತಿರಲಿಲ್ಲ. ಎರಡೂ ಕಡೆಯ ಸರ್ವರ್‌ಗಳು ಸದಾ ಪರಸ್ಪರ ಕೇಳಿಕೊಂಡು ಹೊಂದಿಸಿಕೊಳ್ಳುತ್ತಿದ್ದವು. ಅವು ಒಪ್ಪದೆ ಹೋದರೆ, ಯಾರ ಮಾತು ನಂಬುವುದೆಂದು ತಿಳಿಯದೆ ವಿದ್ಯುತ್ ಜಾಲ ತನ್ನಷ್ಟಕ್ಕೆ ಎರಡು ತುಂಡಾಗುತ್ತಿತ್ತು. ತುಂಡಾಗುವ ಗೆರೆಯ ಮೇಲಿದ್ದ ಊರುಗಳಲ್ಲಿ ದೀಪ ಆರುತ್ತಿತ್ತು.

ಈಗ ಅವು ಮತ್ತೆ ಮತ್ತೆ ಒಪ್ಪದೆ ಹೋಗುತ್ತಿದ್ದವು.

ಮಲ್ಪೆಯ ಗಡಿಯಾರ ನೋಡಿಕೊಳ್ಳುತ್ತಿದ್ದವರು ಗಣನಾಥ ಪೂಂಜ. ವಾರಿಜಾ ಅವರ ಮುಖವನ್ನು ಪರದೆಯ ಮೇಲೆ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ಅವರ ಸರ್ವರ್ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಮೇಲೆ ಓಡುತ್ತಿತ್ತು. ವಾರಿಜಾಳದ್ದರಲ್ಲಿ ಇದ್ದದ್ದು ಇಲಾಖೆ ಹಿಂದೆಂದೋ ಬೆಲೆಕೊಟ್ಟು ತರಿಸಿದ್ದ ಬೇರೊಂದು ವ್ಯವಸ್ಥೆ. ಎರಡು ಬೇರೆ ಬೇರೆ ಇರಲಿ, ಒಂದು ಕೆಟ್ಟರೆ ಇನ್ನೊಂದು ಉಳಿಯಲಿ ಎಂಬುದು ಆಗಿನವರ ಲೆಕ್ಕ. ಆದರೆ ಎರಡಕ್ಕೂ ಕಾಲವನ್ನು ಹಿಡಿಯುವ ರೀತಿಯೇ ಬೇರೆ. ವ್ಯತ್ಯಾಸ ಕಂಡಾಗ ಪೂಂಜರದು ತನ್ನ ನಡಿಗೆಯನ್ನು ಯಾರಿಗೂ ತಿಳಿಯದಂತೆ ತುಸು ನಿಧಾನವೋ ತುಸು ಚುರುಕೋ ಮಾಡಿಕೊಂಡು ಸರಿಹೋಗುತ್ತಿತ್ತು. ವಾರಿಜಾಳದು ಒಂದು ಮಿತಿಯವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಆ ಜಿಗಿತಕ್ಕೇ ಜಾಲ ಬೆದರುತ್ತಿತ್ತು.

"ನಮ್ಮದರಲ್ಲಿ ಎಂಥದೂ ತೊಂದರೆ ಇಲ್ಲ ಮೇಡಂ, ಹಾರುವುದು ನಿಮ್ಮದೇ," ಎಂದಿದ್ದರು ಪೂಂಜ, ಮೊದಲ ದಿನವೇ. ಮಾತಿನಲ್ಲಿ ದೂರು ಇರಲಿಲ್ಲ. ಅವರಿಗೆ ಕಂಡದ್ದು ಹಾಗೆಯೇ.

ಇಬ್ಬರೂ ಸೇರಿ ಹುಡುಕಿದರು. ಎರಡು ವ್ಯವಸ್ಥೆಗಳೂ ದಿನಗಳನ್ನು ಬೇರೆ ಬೇರೆ ವರ್ಷದಿಂದ ಎಣಿಸುತ್ತಿದ್ದವು, ಅದರ ಪರಿವರ್ತನೆಯಲ್ಲಿ ತಪ್ಪಿದೆಯೇ ನೋಡಿದರು, ಇರಲಿಲ್ಲ. ಭೂಮಿಯ ತಿರುಗಾಟಕ್ಕೆ ಹೊಂದಿಸಲು ಯಾವಾಗಲೋ ಸೇರಿಸುವ ಹೆಚ್ಚುವರಿ ಸೆಕೆಂಡನ್ನು ಒಂದು ವ್ಯವಸ್ಥೆ ದಿನವಿಡೀ ಹರಡುತ್ತಿತ್ತು, ಇನ್ನೊಂದು ಒಂದೇ ಏಟಿಗೆ ಸೇರಿಸುತ್ತಿತ್ತು. ಅದು ನಿಜವಾದ ದೋಷವೇ. ಸರಿಪಡಿಸಿದಾಗ ಇಬ್ಬರೂ ನಕ್ಕು ಚಹಾ ಕುಡಿದರು, ಅವರು ಅಲ್ಲಿ, ಇವಳು ಇಲ್ಲಿ. ಆದರೆ ಸ್ವಲ್ಪ ದಿನಕ್ಕೆ ದೀಪ ಮತ್ತೆ ಆರಿತು. ಎರಡರ ನಡುವೆ ಸಂಕೇತ ಸಾಗಿಸುವ ಗಾಜಿನ ತಂತಿಯಲ್ಲಿ ಹೋಗುವ ದಾರಿಗೂ ಬರುವ ದಾರಿಗೂ ಅಂತರವಿದೆಯೇ ಎಂದು ಅಳೆದರು. ಗವಿಯ ತಂಪು ಯಂತ್ರ ಬದಲಾಯಿಸಿದರು. ಸರ್ವರ್‌ಗಳನ್ನೇ ಹೊಸದಾಗಿ ತಂದು ಕೂರಿಸಿದರು. ವ್ಯತ್ಯಾಸ ಹೋಗಲಿಲ್ಲ.

ಕೊನೆಗೆ ಬೆಂಗಳೂರಿನಿಂದ ಮುಖ್ಯ ಎಂಜಿನಿಯರ್ ನಾಗಲಾಂಬಿಕೆಯವರ ಆದೇಶ ಬಂತು. ಬಂಗಾರಕುಂಟೆಯಲ್ಲೂ ಮಲ್ಪೆಯದೇ ವ್ಯವಸ್ಥೆ ಹಾಕಿ, ಎರಡೂ ಮೆಲ್ಲನೆ ಸರಿದುಕೊಳ್ಳಲಿ. ಅದನ್ನು ಹಾಕಿದರೆ ಜಿಗಿತ ಇರುವುದಿಲ್ಲ, ದೀಪ ಆರುವುದಿಲ್ಲ. ವಾರಿಜಾಳಿಗೂ ಅದರಲ್ಲಿ ಅನುಮಾನವಿರಲಿಲ್ಲ. ಮಾವನ ಯಂತ್ರ ಕಿರ್ರೆನ್ನುವುದನ್ನು ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು. ಆದರೂ ಆ ವ್ಯವಸ್ಥೆಯ ಡಿಸ್ಕು ಕೈಯಲ್ಲಿ ಹಿಡಿದು ಅರ್ಧ ದಿನ ಕೂತಳು, ಹಾಕಲಿಲ್ಲ. ಸಂಜೆ ನಾಗಲಾಂಬಿಕೆಯವರೇ ಫೋನು ಮಾಡಿದರು.

"ಪರಿಹಾರ ಕೈಯಲ್ಲಿದೆ ವಾರಿಜಾ. ಹಾಕೋದಕ್ಕೆ ನಿಮಗೇನು ಅಡ್ಡಿ?"

"ಹಾಕಿದ್ರೆ ಕರೆಂಟು ಹೋಗೋದು ನಿಲ್ಲುತ್ತೆ ಮೇಡಂ. ಆದ್ರೆ ಯಾಕೆ ಹೋಗ್ತಿತ್ತು ಅನ್ನೋದು ಇನ್ನು ಯಾವತ್ತೂ ಗೊತ್ತಾಗಲ್ಲ. ಗಡಿಯಾರ ಎರಡೂ ಸರಿಯಾಗಿವೆ, ದಾರಿ ಸರಿಯಾಗಿದೆ. ಹಾಗಿದ್ರೆ ವ್ಯತ್ಯಾಸ ಎಲ್ಲಿಂದ ಬಂತು?"

ವಾರಿಜಾ ಕೇಳಿಕೊಂಡದ್ದು ಇಷ್ಟೇ: ಸ್ವಲ್ಪ ದಿನ ಜಾಲ ಮಲ್ಪೆಯೊಂದನ್ನೇ ನಂಬಿ ನಡೆಯಲಿ, ಎರಡು ಗಡಿಯಾರಗಳನ್ನೂ ಯಾರೂ ತಿದ್ದದೆ ಅವುಗಳ ಪಾಡಿಗೆ ಓಡಲು ಬಿಟ್ಟು ಹೋಲಿಸಿ ನೋಡೋಣ. ನಾಗಲಾಂಬಿಕೆ ಒಪ್ಪಿದರು. ಮುಂದಿನ ಹುಣ್ಣಿಮೆಯವರೆಗೆ ಮಾತ್ರ, ಆಮೇಲೆ ಡಿಸ್ಕು ಹಾಕಲೇಬೇಕು ಎಂದರು.

ತಿದ್ದುವ ಆಜ್ಞೆಯನ್ನು ವಾರಿಜಾ ತನ್ನ ಕೈಯಾರೆ ತೆಗೆದುಹಾಕಿದಳು. ಪರದೆಯ ಮೇಲೆ ಎರಡು ಗಡಿಯಾರಗಳ ನಡುವಿನ ಅಂತರ ಒಂದು ಗೆರೆಯಾಗಿ ಬೆಳೆಯತೊಡಗಿತು. ಮೊದಲ ದಿನ ಅವಳಿಗೆ ಅದರಲ್ಲಿ ಏನೂ ಕಾಣಲಿಲ್ಲ. ಎರಡನೆಯ ದಿನ ಗೆರೆ ನೇರವಾಗಿಲ್ಲ ಅನ್ನಿಸಿತು. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ದಿನಕ್ಕೆ ಎರಡು ದಿಬ್ಬ, ಎರಡು ತಗ್ಗು. ತಂಪು ಯಂತ್ರದ ಆಟವಿರಬೇಕೆಂದು ಅದನ್ನು ಆರಿಸಿ ನೋಡಿದಳು, ಏರಿಳಿತ ಹಾಗೆಯೇ ಇತ್ತು. ಜನ ಹೆಚ್ಚು ವಿದ್ಯುತ್ತು ಬಳಸುವ ಹೊತ್ತಿಗೆ ಹೀಗಾಗುತ್ತಿದೆಯೇ ಎಂದರೆ ಅದೂ ಅಲ್ಲ. ಏಕೆಂದರೆ ದಿಬ್ಬ ಒಂದೇ ಹೊತ್ತಿಗೆ ಬರುತ್ತಿರಲಿಲ್ಲ. ಪ್ರತಿದಿನ ನಿನ್ನೆಗಿಂತ ಸ್ವಲ್ಪ ತಡವಾಗಿ ಬರುತ್ತಿತ್ತು.

ಅದನ್ನು ಗುರುತಿಸಿದವರು ಪೂಂಜ. ಅವರ ಕೋಣೆಯ ಕಿಟಕಿಯಿಂದ ಬಂದರು ಕಾಣುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ಅವರು ಹೊರಗೆ ನೋಡಿದರು, ಮತ್ತೆ ಪರದೆ ನೋಡಿದರು, ಮತ್ತೆ ಹೊರಗೆ. ದೋಣಿಗಳು ನೀರಿನ ಮೇಲೆ ಎತ್ತರಕ್ಕೆ ನಿಂತಿದ್ದವು.

"ಮೇಡಂ," ಎಂದರು ತಗ್ಗಿದ ದನಿಯಲ್ಲಿ. "ಇದು ಭರತ ಇಳಿತ ಮಾರಾಯ್ರೆ."

ವಾರಿಜಾ ಕಡಲಿನಿಂದ ಬಹಳ ದೂರದ ಬಯಲು ಸೀಮೆಯ ಕಲ್ಲಿನೊಳಗೆ ಕೂತಿದ್ದಳು. ಇಲ್ಲಿ ಎಲ್ಲಿಯ ಭರತ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಲೇಜಿನಲ್ಲಿ ಓದಿ ಮರೆತದ್ದು ನೆನಪಿಗೆ ಬಂತು. ಚಂದ್ರ ಎಳೆಯುವುದು ಕಡಲನ್ನು ಮಾತ್ರವಲ್ಲ. ನೆಲವನ್ನೂ ಎಳೆಯುತ್ತಾನೆ. ಬೆಟ್ಟ, ಬಯಲು, ಊರು, ರಸ್ತೆ ಎಲ್ಲವೂ ಒಟ್ಟಿಗೆ ದಿನಕ್ಕೆರಡು ಸಲ ಒಂದು ಮೊಳದ ಸುಮಾರಿಗೆ ಉಬ್ಬಿ ಇಳಿಯುತ್ತವೆ. ಎಲ್ಲವೂ ಒಟ್ಟಿಗೇ ಏರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಮತ್ತೆ, ಭೂಮಿಯ ನಡುವಿನಿಂದ ಮೇಲೆ ಹೋದಷ್ಟೂ ಕಾಲ ಚುರುಕಾಗಿ ಓಡುತ್ತದೆ, ಕೆಳಗಿಳಿದಷ್ಟೂ ನಿಧಾನ. ಅದು ನೂರು ವರ್ಷಕ್ಕೂ ಹಳೆಯ ತಿಳಿವಳಿಕೆ. ಕಡಲ ದಂಡೆಗೂ ಬಯಲು ಸೀಮೆಗೂ ಸದಾ ಇರುವ ಎತ್ತರದ ಅಂತರವನ್ನು ಗಡಿಯಾರ ಕೂರಿಸುವಾಗಲೇ ಲೆಕ್ಕದಿಂದ ಕಳೆದಿದ್ದರು. ಚಂದ್ರ ಬಂಗಾರಕುಂಟೆಯನ್ನು ಮೊದಲು ಎತ್ತುತ್ತಿದ್ದ, ಸ್ವಲ್ಪ ಹೊತ್ತಿನ ಮೇಲೆ ಮಲ್ಪೆಯನ್ನು. ಆ ನಡುವಿನ ಹೊತ್ತಿನಲ್ಲಿ ಎರಡೂರಿನ ಎತ್ತರಕ್ಕೆ ಎರಡು ಬೆರಳಿನಷ್ಟು ಅಂತರ. ಗಡಿಯಾರಗಳು ಆ ಎರಡು ಬೆರಳನ್ನು ಹೇಳುತ್ತಿದ್ದವು.

ತಪ್ಪು ಯಾವ ವ್ಯವಸ್ಥೆಯದೂ ಆಗಿರಲಿಲ್ಲ. ಎರಡೂ ಕಡೆ ಕಾಲವೇ ಬೇರೆ ಬೇರೆಯಾಗಿ ಹರಿಯುತ್ತಿತ್ತು. ಹರಿದದ್ದನ್ನು ಸರ್ವರ್‌ಗಳು ಬಲವಂತದಿಂದ ಒಂದು ಮಾಡುತ್ತಿದ್ದವು.

ಇಬ್ಬರೂ ಬಹಳ ಹೊತ್ತು ಗೆರೆಯನ್ನು ನೋಡುತ್ತಾ ಕೂತರು. ಆಮೇಲೆ ಪೂಂಜ, ನನ್ನ ತಂದೆ ಮೀನಿನ ದೋಣಿ ನಡೆಸುತ್ತಿದ್ದರು, ನೀರು ಏರುವುದನ್ನು ನೋಡಿಯೇ ಬೆಳೆದೆ, ಆದರೆ ಕಾಲಿನ ಕೆಳಗಿನ ನೆಲವೂ ಏರುತ್ತದೆಂದು ಒಂದು ದಿನವೂ ಅನ್ನಿಸಲಿಲ್ಲ ಎಂದರು.

ಮಧ್ಯಾಹ್ನ ಮನೆಗೆ ಬಂದಾಗ ವಾರಿಜಾಳಿಗೆ ಊಟ ಸೇರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಅರುಳಪ್ಪ ಬಿಸಿಲಿಗೆ ಮೈ ಕಾಯಿಸುತ್ತಾ ಕೂತಿದ್ದರು. ದೇವಸಹಾಯ ಊಟಕ್ಕೆ ಬಂದಿದ್ದ. ಅವಳು ಇಬ್ಬರಿಗೂ ಕಂಡದ್ದನ್ನು ಹೇಳಿದಳು. ಬೀದಿಯ ಕೊನೆಯ ನಲ್ಲಿ, ಅಲ್ಲಿ ಕೊಡ ಹಿಡಿದು ನಿಂತವರು, ಚರ್ಚಿನ ಗಂಟೆ, ಚಿನ್ನ ತೆಗೆದು ಸುರಿದ ಸೈನೈಡಿನ ಬೂದು ಗುಡ್ಡ ಎಲ್ಲವನ್ನೂ ಅವಳು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದಳು. ಇಷ್ಟೂ ಈಗ ಏರುತ್ತಿತ್ತು, ತೊಟ್ಟಿಲಿನ ಹಾಗೆ. ಅರುಳಪ್ಪ ಅಂಗೈಯನ್ನು ಕಟ್ಟೆಯ ಕಲ್ಲಿನ ಮೇಲೆ ಊರಿ ಸ್ವಲ್ಪ ಹೊತ್ತು ಇಟ್ಟರು. ಏನೂ ತಿಳಿಯುತ್ತಿಲ್ಲ ತಾಯಿ, ಎಂದು ನಕ್ಕರು.

ಕಥೆ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಚಂದ್ರನ ಪಾಲನ್ನು ಲೆಕ್ಕ ಹಾಕಿ ಗೆರೆಯಿಂದ ಕಳೆದರೆ ಉಳಿಯುವುದು ಸಪಾಟಾದ ಗೆರೆಯಾಗಬೇಕಿತ್ತು. ಪೂಂಜ ಕಳೆದು ಕಳಿಸಿದರು. ಸಪಾಟಾಗಿರಲಿಲ್ಲ. ಅಲೆ ಹೋಗಿತ್ತು, ಆದರೆ ಗೆರೆ ಮೇಲಕ್ಕೆ ಬಾಗುತ್ತಿತ್ತು. ಬಂಗಾರಕುಂಟೆಯ ಗಡಿಯಾರ ದಿನದಿಂದ ದಿನಕ್ಕೆ ಇನ್ನಷ್ಟು ಮುಂದೋಡುತ್ತಿತ್ತು. ಅಂದರೆ ಈ ಊರು ಚಂದ್ರನ ಹಂಗಿಲ್ಲದೆಯೂ ಏರುತ್ತಿತ್ತು, ಏರಿದ್ದು ಇಳಿಯುತ್ತಿರಲಿಲ್ಲ.

ಏನು ಎತ್ತುತ್ತಿದೆ ಎಂದು ವಾರಿಜಾ ಯಾರನ್ನೂ ಕೇಳಬೇಕಾಗಿರಲಿಲ್ಲ. ಗಣಿ ಮುಚ್ಚಿದ ದಿನ ನೀರೆತ್ತುವ ಪಂಪುಗಳನ್ನೂ ನಿಲ್ಲಿಸಿದ್ದರು. ಅಂದಿನಿಂದ ಮೈಲುಗಟ್ಟಲೆ ಸುರಂಗಗಳಲ್ಲಿ ನೀರು ತುಂಬುತ್ತಾ ಮೇಲೆ ಬರುತ್ತಿತ್ತು. ಈಗ ಅದು ನೆಲದ ಹತ್ತಿರಕ್ಕೆ ಬಂದು ಒಳಗಿನಿಂದ ಒತ್ತುತ್ತಿತ್ತು. ಪುರಸಭೆಯವರು ವರ್ಷಕ್ಕೊಮ್ಮೆ ಅಳೆಯುತ್ತಿದ್ದರು, ಆದರೆ ಅಳತೆಯ ಗೂಟಗಳೂ ಊರಿನ ಜೊತೆಗೇ ಏರಿದ್ದರಿಂದ ಎಲ್ಲ ಸರಿಯಾಗಿದೆ ಎಂದೇ ಬರೆದುಕೊಂಡು ಹೋಗುತ್ತಿದ್ದರು.

ಗಡಿಯಾರದ ಮನೆಯಲ್ಲಿ ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟಿದ್ದ ಒಂದು ಸಣ್ಣ ಗಡಿಯಾರವಿತ್ತು, ಪರೀಕ್ಷೆಗೆಂದು ಇಟ್ಟದ್ದು. ವಾರಿಜಾ ಅದನ್ನು ಆಟೋದಲ್ಲಿ ಹಾಕಿಕೊಂಡು ಸಾಲು ಮನೆಗಳಿಗೆ ಹೊರಟಳು. ಒಂದೊಂದು ಮನೆಯ ಹೊಸಿಲ ಬಳಿಯೂ ಇಟ್ಟು, ಆ ಮನೆಯ ಗಾಜಿನ ತಂತಿಗೆ ಸಿಕ್ಕಿಸಿ, ಒಂದು ಊಟದ ಹೊತ್ತು ಕಾದು, ಗವಿಯ ಗಡಿಯಾರದ ಜೊತೆ ಹೋಲಿಸಿ ನೋಡಬೇಕು. ದೇವಸಹಾಯ ರಜೆ ಹಾಕಿ ಜೊತೆಗೆ ಬಂದ. ಹೆಂಗಸರು ಸುತ್ತ ಸೇರಿದರು. ನಮ್ಮನೆ ಟೈಮು ಎಷ್ಟು, ಅವರ ಮನೆಗಿಂತ ಮುಂದಿದೆಯೋ ಹಿಂದಿದೆಯೋ ಎಂದು ಕೇಳಿ ನಕ್ಕರು. ತಮ್ಮ ಗಂಡಂದಿರು ಮನೆಗೆ ತಡವಾಗಿ ಬರುವುದಕ್ಕೆ ಇದೇ ಕಾರಣವಿರಬೇಕು ಎಂದಳು ಒಬ್ಬಳು. ಪುಷ್ಪಮೇರಿ ಮಾತ್ರ ನಗದೆ ಪರದೆಯನ್ನು ನೋಡುತ್ತಾ ಮನೆಯಿಂದ ಮನೆಗೆ ಹಿಂದೆಯೇ ಬಂದಳು.

ಮೊದಲ ಸಾಲಿನ ಮನೆಗಳು ಒಂದೇ ತರ ಇದ್ದವು. ಎರಡನೆಯ ಸಾಲು ಸ್ವಲ್ಪ ಮುಂದೆ. ಮೂರನೆಯದು, ವಾರಿಜಾಳ ಮನೆಯಿದ್ದ ಸಾಲು, ಇನ್ನೂ ಮುಂದೆ. ಕಾರ್ಮಿಕರನ್ನು ಗಣಿಗೆ ಇಳಿಸುತ್ತಿದ್ದ ಹಳೆಯ ಬಾವಿಯ ಗೋಪುರಕ್ಕೆ ಹತ್ತಿರವಾದಂತೆ ಕಾಲ ಚುರುಕಾಗುತ್ತಾ ಹೋಗುತ್ತಿತ್ತು. ಊರಿನ ನೆಲ ಅಡಿಯಲ್ಲಿ ಗುಳ್ಳೆಯೆದ್ದಂತೆ ಉಬ್ಬಿತ್ತು, ಉಬ್ಬಿನ ತುದಿ ಅವರದೇ ಸಾಲಿನ ಕೆಳಗಿತ್ತು.

ಮರುದಿನ ಅವಳು ಅದೇ ಮನೆಗಳನ್ನು ಇನ್ನೊಮ್ಮೆ ಅಳೆದಳು. ಎಲ್ಲವೂ ಇನ್ನಷ್ಟು ಮುಂದೆ ಹೋಗಿದ್ದವು, ಅವಳ ಮನೆಯ ಎಡಕ್ಕಿದ್ದ ಎರಡು ಮನೆಗಳನ್ನು ಬಿಟ್ಟು. ಅವು ಹಿಂದೆ ಬಿದ್ದಿದ್ದವು. ಅವಳು ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ಅದೇ ಉತ್ತರ. ಸುತ್ತಲಿನ ನೆಲ ಏರುತ್ತಿರುವಾಗ ಆ ಎರಡು ಮನೆಗಳ ಅಡಿಯ ಕಲ್ಲು ಇಳಿಯಲು ಶುರುವಾಗಿತ್ತು.

"ಇದರ ಅರ್ಥ ಏನಮ್ಮ?" ಎಂದು ಕೇಳಿದಳು ಪುಷ್ಪಮೇರಿ.

"ಕೆಳಗಿನ ಸುರಂಗದ ಚಾವಣಿ ಸಡಿಲ ಆಗ್ತಿದೆ. ಈ ಸಾಲಲ್ಲಿ ಇವತ್ತು ಯಾರೂ ಮಲಗಬಾರದು."

ಪುಷ್ಪಮೇರಿ ಬೇರೆ ಪ್ರಶ್ನೆ ಕೇಳಲಿಲ್ಲ. ಎರಡು ದಿನ ಮನೆಯಿಂದ ಮನೆಗೆ ಅಂಕಿ ಬದಲಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಸೆರಗು ಸಿಕ್ಕಿಸಿ ಸಾಲಿನ ಮೊದಲ ಬಾಗಿಲು ತಟ್ಟಿದಳು. ವಾರಿಜಾ ಬೆಂಗಳೂರಿಗೆ ಫೋನು ಹಚ್ಚಿದಳು. ನಾಗಲಾಂಬಿಕೆಯವರಿಗೆ ಮೊದಲು ನಂಬಿಕೆ ಬರಲಿಲ್ಲ. ಎರಡು ಕಂಪ್ಯೂಟರುಗಳ ಜಗಳದ ಮೇಲೆ ಒಂದು ಊರನ್ನು ಎಬ್ಬಿಸಬೇಕೆ, ನಾಳೆ ಏನೂ ಆಗದಿದ್ದರೆ ಜನ ನಿಮ್ಮನ್ನು ಬಿಡುತ್ತಾರೆಯೇ ಎಂದರು. ಏನೂ ಆಗದಿದ್ದರೆ ನಾನೇ ಒಂದೊಂದು ಮನೆಗೂ ಹೋಗಿ ಕ್ಷಮೆ ಕೇಳುತ್ತೇನೆ ಎಂದಳು ವಾರಿಜಾ. ಆಮೇಲೆ ಪೂಂಜ ತಾವಾಗಿ ಆ ಕರೆಗೆ ಸೇರಿಕೊಂಡರು. ಈ ಮೇಡಮ್ಮನ ಗಡಿಯಾರದಲ್ಲಿ ತಪ್ಪು ಹುಡುಕುತ್ತಾ ನಾನು ತಿಂಗಳುಗಟ್ಟಲೆ ಕಳೆದೆ, ಸಿಗಲಿಲ್ಲ, ಅದು ಹೇಳುವುದು ನಿಜ ಎಂದರು. ನಾಗಲಾಂಬಿಕೆ ಜಿಲ್ಲಾಧಿಕಾರಿಗೆ ನಾನೇ ಹೇಳುತ್ತೇನೆಂದು ಫೋನು ಇಟ್ಟರು.

ಮನೆಯಲ್ಲಿ ಅರುಳಪ್ಪ ಹೊರಡಲು ಒಪ್ಪಲಿಲ್ಲ. ಮಗ ಎಷ್ಟು ಹೇಳಿದರೂ ಅಡ್ಡಡ್ಡ ತಲೆಯಾಡಿಸಿದರು. ಗಣಿಯಲ್ಲಿ ಕಲ್ಲು ಸಿಡಿದಾಗ ಇಡೀ ಊರು ಅದುರುತ್ತಿತ್ತು, ಆಗ ಓಡಲಿಲ್ಲ, ಈಗೇಕೆ ಎಂದರು. ವಾರಿಜಾ ಅವರ ಮಂಚದ ಪಕ್ಕ ಕೂತಳು. ವಾದ ಮಾಡಲಿಲ್ಲ.

"ಮಾವ, ನನಗೆ ಹೆದರಿಕೆ ಆಗ್ತಿದೆ," ಎಂದಳು.

ಮುದುಕರು ಅವಳನ್ನು ದಿಟ್ಟಿಸಿ ನೋಡಿದರು. ಈ ಮನೆಗೆ ಬಂದಾಗಿನಿಂದ ಅವಳ ಬಾಯಲ್ಲಿ ಆ ಮಾತು ಅವರು ಕೇಳಿರಲಿಲ್ಲ. ಯಂತ್ರವನ್ನು ತಾವೇ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಕುರ್ಚಿ ತಾ ಎಂದು ಮಗನಿಗೆ ಹೇಳಿದರು.

ಸಾಲಿನವರೆಲ್ಲ ದೇವಸಹಾಯನ ಸ್ಕೂಲಿಗೆ ಹೋದರು. ಮರುದಿನ ಬೆಳಗ್ಗೆ ಏನೂ ಆಗಿರಲಿಲ್ಲ. ಬಚ್ಚಲಿಗೆ ಸಾಲು ನಿಂತವರು ಗೊಣಗತೊಡಗಿದರು, ಒಬ್ಬಿಬ್ಬರು ಒಲೆ ಹಚ್ಚಿ ಬರುತ್ತೇವೆಂದು ಮನೆಗೆ ಹೊರಟೂ ಬಿಟ್ಟರು. ಪುಷ್ಪಮೇರಿ ಗೇಟಿನಲ್ಲಿ ನಿಂತು ಬೈದು ವಾಪಸು ಕಳಿಸಿದಳು. ವಾರಿಜಾ ಯಾರ ಮುಖವನ್ನೂ ನೋಡಲಾಗದೆ ವರಾಂಡದಲ್ಲಿ ಕೂತಿದ್ದಳು. ಗವಿಯೊಳಗೆ ಯಾರೂ ಇರಬಾರದೆಂದು ಅದನ್ನೂ ಖಾಲಿ ಮಾಡಿಸಿದ್ದಳು. ಗಡಿಯಾರ ಮಾತ್ರ ಅಲ್ಲಿ ಒಂಟಿಯಾಗಿ ಓಡುತ್ತಿತ್ತು, ಅದರ ಗೆರೆ ಅವಳ ಮಡಿಲಿನ ಪರದೆಯ ಮೇಲೆ ಬರುತ್ತಿತ್ತು.

ಮಕ್ಕಳಿಗೆ ಊಟ ಬಡಿಸುವ ಹೊತ್ತಿಗೆ ಗೆರೆ ಏರುವುದು ನಿಂತಿತು. ವಾರಿಜಾ ಎದ್ದು ನಿಂತಳು. ಗೆರೆ ಒಮ್ಮೆ ಕೆಳಕ್ಕೆ ಬಾಗಿತು, ಮತ್ತೆ ಬರಲಿಲ್ಲ. ಆಮೇಲೆ ಸದ್ದು ಕೇಳಿತು. ಸಿಡಿದ ಸದ್ದಲ್ಲ, ಬಹಳ ದೂರದಲ್ಲಿ ಯಾರೋ ದೀರ್ಘವಾಗಿ ಉಸಿರು ಬಿಟ್ಟ ಹಾಗೆ. ಚರ್ಚಿನ ಗಂಟೆ ತಾನಾಗಿ ಒಂದೆರಡು ಸಲ ಬಡಿಯಿತು. ಬಾವಿಯ ಗೋಪುರ ವಾಲಿತು, ವಾಲುತ್ತಲೇ ಕೆಳಗೆ ಇಳಿದು ಕಾಣದಾಯಿತು. ಮೂರನೆಯ ಸಾಲಿನ ಹೆಂಚುಗಳು ಮಡಿಸಿದ ಬಟ್ಟೆಯಂತೆ ಒಳಕ್ಕೆ ಸರಿದವು. ದೂಳು ಎದ್ದು ಸ್ಕೂಲಿನವರೆಗೂ ಬಂತು. ದೂಳಿನ ಹಿಂದೆ ನೀರಿನ ಸದ್ದು.

ಯಾರೂ ಸತ್ತಿರಲಿಲ್ಲ. ಪುಷ್ಪಮೇರಿ ಸಾಲಿನ ಒಬ್ಬೊಬ್ಬರ ಹೆಸರನ್ನೂ ಕೂಗಿ, ಕೈ ಹಿಡಿದು ನೋಡಿ, ಕೊನೆಯವರು ಸಿಕ್ಕಿದ ಮೇಲೆ ಅಂಗಳದ ಮಣ್ಣಿನಲ್ಲೇ ಕೂತು ಅತ್ತಳು. ಫೋನಿನಲ್ಲಿ ಪೂಂಜರ ದನಿ ಎಷ್ಟೋ ಹೊತ್ತಿನಿಂದ ಕೇಳುತ್ತಿತ್ತು. ಇದ್ದೀರಾ ಮೇಡಂ, ಇದ್ದೀರಾ ಎಂದು. ಇದ್ದೇವೆ, ಎಲ್ಲರೂ ಇದ್ದೇವೆ ಎಂದಳು ವಾರಿಜಾ.

ನಾಗಲಾಂಬಿಕೆ ಎರಡು ದಿನದ ಮೇಲೆ ಬಂದರು. ಗವಿಯ ಗಡಿಯಾರ ನೀರಿನಡಿ ಹೋಗಿತ್ತು. ಸ್ಕೂಲಿನ ಪ್ರಯೋಗಾಲಯದ ಮೇಜಿನ ಮೇಲೆ ಆ ಸಣ್ಣ ಗಡಿಯಾರವನ್ನೇ ಮಲ್ಪೆಗೆ ಜೋಡಿಸಿ ಇಟ್ಟಿದ್ದಳು ವಾರಿಜಾ. ಪರದೆಯ ಮೇಲೆ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ನಾಗಲಾಂಬಿಕೆ ಅದನ್ನು ನೋಡುತ್ತಾ ಕುರ್ಚಿ ಎಳೆದು ಕೂತರು. ಕಾರಿನ ಡ್ರೈವರ್ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ಹೊರಡುವ ಮುಂಚೆ, ಇನ್ನು ಮೇಲೆ ಗಡಿಯಾರಗಳನ್ನು ಮೊದಲು ತಿದ್ದದೆ ಓದಬೇಕು, ಜಾಲಕ್ಕೆ ಬೇಕಾದ ತಾಳವನ್ನು ಬೇರೆಯಾಗಿ ಲೆಕ್ಕ ಹಾಕಬೇಕು ಎಂಬ ಆದೇಶವನ್ನು ಅಲ್ಲೇ ಕೂತು ಬರೆದುಕೊಟ್ಟರು. ಮುಂದೆ ರಾಜ್ಯದ ಬೇರೆ ಬೇರೆ ಊರುಗಳಲ್ಲಿ ಅಂಥ ಗಡಿಯಾರಗಳು ಬಂದವು.

ನೆಲ ಕುಸಿದಲ್ಲಿ ಆದ ಗುಂಡಿಯ ನೀರು ತಿಳಿಯಾಗಲು ಸುಮಾರು ದಿನ ಹಿಡಿಯಿತು. ಹೊಸ ಮನೆಗೆ ಹೋಗುವ ಮುಂಚೆ ಅರುಳಪ್ಪ ಅದನ್ನೊಮ್ಮೆ ನೋಡಬೇಕೆಂದರು. ದೇವಸಹಾಯ ಕುರ್ಚಿ ತಳ್ಳಿದ, ವಾರಿಜಾ ಯಂತ್ರ ಹಿಡಿದುಕೊಂಡಳು. ಬೇಲಿಯ ಹತ್ತಿರ ನಿಂತರು. ನಡು ಮಧ್ಯಾಹ್ನ. ಬಿಸಿಲು ನೇರವಾಗಿ ನೀರೊಳಗೆ ಇಳಿದು, ಆಳದಲ್ಲಿ ಸೀಳಿದ ಕಲ್ಲಿನ ಗೋಡೆ, ಅದರಲ್ಲೊಂದು ಸುರಂಗದ ಬಾಯಿ, ಬಾಯಿಗೆ ಕೊಟ್ಟ ಮರದ ತೊಲೆ ಎಲ್ಲವೂ ಹಸುರು ಬೆಳಕಿನಲ್ಲಿ ಕಾಣುತ್ತಿದ್ದವು.

ಅರುಳಪ್ಪ ಮುಂದಕ್ಕೆ ಬಗ್ಗಿ ಬಹಳ ಹೊತ್ತು ನೋಡಿದರು. ಅಲ್ಲಿ ನಾನು ಕೆಲಸ ಮಾಡ್ತಿದ್ದೆ, ಎಂದರು. ತಲೆಗೆ ಕಟ್ಟಿಕೊಂಡ ದೀಪ ಎಷ್ಟು ದೂರ ಬೀಳುತ್ತಿತ್ತೋ ಅಷ್ಟೇ ಕಾಣುತ್ತಿತ್ತಂತೆ. ಎದುರಿನ ಗೋಡೆಯನ್ನು ಅವರು ಒಂದು ದಿನವೂ ನೋಡಿರಲಿಲ್ಲವಂತೆ.

"ಇಷ್ಟು ದೊಡ್ಡದಿತ್ತಾ ಅದು," ಎಂದರು. "ಇಷ್ಟು ಚೆನ್ನಾಗಿತ್ತಾ."

ಗಾಳಿ ಬಂದು ನೀರು ಕದಡಿ ತೊಲೆ ಕಾಣದಾಯಿತು. ಮತ್ತೆ ತಿಳಿಯಾಗುವ ತನಕ ಮೂವರೂ ಅಲ್ಲೇ ನಿಂತರು.